ಚಿತ್ರಕೃಪೆ: ಅಂತರ್ಜಾಲ

ನಮ್ಮೂರ ಶಾಲೆಗೆ ನೂರು ವರ್ಷ ತುಂಬಿದಾಗ ಸ್ಮರಣ ಸಂಚಿಕೆಯ ಕೆಲಸ ನನ್ನ ಹೆಗಲಿಗೆ ಬಿತ್ತು. ನಿವೃತ್ತ ಮೇಷ್ಟ್ರನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಲೇಖನಗಳು ಬಂದವು, ಜಾಹೀರಾತು ಬಂದವು, ಶಾಸಕರ ಶುಭಾಶಯವೂ ಬಂತು. ಮುಖಪುಟಕ್ಕೆ ಮಾತ್ರ ಚಿತ್ರವಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಕುಳಿತೆವು. ಅಂಗಡಿಯ ಹುಡುಗ ಗೂಗಲ್‌ನಲ್ಲಿ ಮಳೆ, ಶಾಲೆ, ಮಲೆನಾಡು ಎಂದು ಟೈಪ್ ಮಾಡಿದ. ಪರದೆಯ ತುಂಬ ಚಿತ್ರಗಳು. ಅದರಲ್ಲೊಂದು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ಕೆಸುವಿನ ದೊಡ್ಡ ಎಲೆಯೊಂದನ್ನು ತಲೆಯ ಮೇಲೆ ಹಿಡಿದು, ಪಾಟಿಚೀಲವನ್ನು ಎದೆಗೆ ಅವಚಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿರುವ ಒಬ್ಬ ಹುಡುಗಿ. ಮುಖ ಅರ್ಧ ಎಲೆಯ ಮರೆಯಲ್ಲಿ. ಎಲೆಯ ತುದಿಯಿಂದ ನೀರಿನ ಎಳೆಯೊಂದು ಇಳಿಯುತ್ತಿದೆ, ಇನ್ನೂ ನೆಲ ಮುಟ್ಟಿಲ್ಲ.

“ಇದೇ ಇರಲಿ” ಎಂದೆ. ಹುಡುಗ ದೊಡ್ಡದು ಮಾಡಿದ. ಕೆಳಗಿನ ಮೂಲೆಯಲ್ಲಿ ತೆಳ್ಳಗೆ ಏನೋ ಅಕ್ಷರ ಕಂಡಿತು.

“ಅಲ್ಲೇನೋ ಬರೆದಿದೆಯಲ್ಲೋ?”

“ಅದಿರ್ಲಿ ಸಾರ್, ಕ್ರಾಪ್ ಮಾಡ್ತೀನಿ.”

ನಾನು ಸುಮ್ಮನಿದ್ದೆ. ಮೌಸ್ ಒಂದು ಸಲ ಜಾರಿತು, ಅಕ್ಷರ ಹೋಯಿತು. ಒಳಪುಟದಲ್ಲಿ, ಎಲ್ಲರೂ ಹಾಕುವಂತೆ, ಸಣ್ಣ ಅಕ್ಷರದಲ್ಲಿ ಹಾಕಿಸಿದೆವು: ಚಿತ್ರಕೃಪೆ: ಅಂತರ್ಜಾಲ.

ಸಂಚಿಕೆ ಬಿಡುಗಡೆಯಾದ ಮೂರನೆಯ ದಿನ ಪೇಟೆಯ ಸ್ಟುಡಿಯೋದವರು ಮನೆಗೆ ಬಂದರು. ನಮ್ಮೂರ ಮದುವೆ, ಮುಂಜಿ, ಪಾಸ್‌ಪೋರ್ಟು, ಆಧಾರ್, ಕೊನೆಗೆ ಗೋಡೆಗೆ ತೂಗುಹಾಕುವ ಫೋಟೋ, ಎಲ್ಲವೂ ಅವರ ಕೈಯಿಂದಲೇ ಆಗಿರುವುದು. ಕಾಫಿ ಕುಡಿದರು. ಮುಖಪುಟದ ಮೇಲೆ ಬೆರಳಿಟ್ಟು ಹೇಳಿದರು: “ಮೇಷ್ಟ್ರೇ, ಇದು ನಾನು ತೆಗೆದದ್ದು. ಹತ್ತು ವರ್ಷ ಆಯ್ತು. ಫೇಸ್‌ಬುಕ್ಕಿಗೆ ಹಾಕಿದ್ದೆ. ದುಡ್ಡಿನ ಮಾತಲ್ಲ. ಊರಿನ ಸಂಚಿಕೆ, ಕೇಳಿದ್ರೆ ದೊಡ್ಡ ಸೈಜಿಂದೇ ಕೊಡ್ತಿದ್ದೆ. ಒಂದು ಹೆಸರು ಹಾಕಿದ್ರೆ ಸಾಕಿತ್ತು.”

ಮೂವತ್ತೆರಡು ವರ್ಷ ಮಕ್ಕಳಿಗೆ ನಕಲು ಹೊಡೆಯಬೇಡಿ ಎಂದು ಬೆತ್ತ ತೋರಿಸಿದವನು ನಾನು. ಅವತ್ತು ಉತ್ತರಿಸಲು ಬಾಯಿ ಬರಲಿಲ್ಲ.

ಅವರು ಹೋದ ಮೇಲೆ ಆ ಎರಡು ಪದಗಳನ್ನು ನೋಡುತ್ತ ಕುಳಿತೆ. ಕೃಪೆ ಎಂದರೆ ಒಬ್ಬರು ಮನಸಾರೆ ತೋರಿದ ದಯೆ. ದೇವರ ಕೃಪೆ, ಗುರುಗಳ ಕೃಪೆ ಎನ್ನುತ್ತೇವೆ. ಅಂತರ್ಜಾಲಕ್ಕೆ ಎಲ್ಲಿಯ ಕೃಪೆ? ಅದು ಮಳೆಯಲ್ಲಿ ನಿಂತಿಲ್ಲ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿಲ್ಲ, ಹುಡುಗಿ ಬದುವಿನ ತಿರುವಿಗೆ ಬರಲೆಂದು ಕಾದಿಲ್ಲ. ನಮಗೆ ಕೃಪೆ ತೋರಿದವರು ಯಾರೋ, ನಾವು ಕೈಮುಗಿದದ್ದು ಯಾರಿಗೋ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದರೆ ಇದೇ. ಈ ನಾಚಿಕೆಯೇ ನನ್ನನ್ನು ಚಿತ್ರಗಳ ವ್ಯಾಪಾರದ ಕಡೆಗೆ ಎಳೆಯಿತು. ಒಂದು ಫೋಟೋ ಯಾರ ಕೈಯಿಂದ ಯಾರ ಕೈಗೆ, ಯಾವ ಬೆಲೆಗೆ ಹೋಗುತ್ತದೆ ಎಂದು ಹುಡುಕಿ ಓದತೊಡಗಿದೆ. ಓದಿದ್ದು ನನ್ನ ಮುಖಪುಟದ ಕಥೆಯೇ ಆಗಿತ್ತು, ಕೋಟಿಗಳ ಲೆಕ್ಕದಲ್ಲಿ.

ಆಟೊ ಬೆಟ್‌ಮನ್ ಎಂಬವರು ಬರ್ಲಿನ್ನಿನ ಸರ್ಕಾರಿ ಕಲಾ ಗ್ರಂಥಾಲಯದಲ್ಲಿ ಅಪರೂಪದ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದರು. ಯಹೂದಿ ಎಂಬ ಕಾರಣಕ್ಕೆ ನಾಜಿಗಳು ಅವರನ್ನು ಕೆಲಸದಿಂದ ಕಿತ್ತರು. 1935ರಲ್ಲಿ ಅವರು ದೇಶ ಬಿಟ್ಟಾಗ ಜೊತೆಯಲ್ಲಿದ್ದ ಆಸ್ತಿ ಎಂದರೆ ಟ್ರಂಕುಗಳಲ್ಲಿ ತುಂಬಿದ್ದ ಚಿತ್ರಗಳು. ನ್ಯೂಯಾರ್ಕಿನಲ್ಲಿ ಅದನ್ನೇ ಬಂಡವಾಳ ಮಾಡಿಕೊಂಡು ಒಂದು ಚಿತ್ರಭಂಡಾರ ತೆರೆದರು. ಪತ್ರಿಕೆಗೋ ಪಠ್ಯಪುಸ್ತಕಕ್ಕೋ ಜಾಹೀರಾತಿಗೋ ಚಿತ್ರ ಬೇಕಾದವರು ಅವರ ಬಳಿಗೆ ಬರಬೇಕು. ಡ್ರಾಯರು ಎಳೆದು, ಕಾರ್ಡು ನೋಡಿ ಚಿತ್ರ ತೆಗೆದುಕೊಡುತ್ತಿದ್ದರು. ಅದು ಮಾರಾಟವಲ್ಲ, ಬಾಡಿಗೆ. ಇಂಥ ಪತ್ರಿಕೆಯಲ್ಲಿ, ಇಷ್ಟು ಪ್ರತಿಗೆ, ಇಷ್ಟು ಕಾಲಕ್ಕೆ ಎಂದು ಲೆಕ್ಕ. ಮುಖಪುಟಕ್ಕೆ ಒಂದು ದರ, ಒಳಪುಟದ ಮೂಲೆಗೆ ಇನ್ನೊಂದು. ನಮ್ಮಲ್ಲಿ ಮದುವೆಗೆ ಪಾತ್ರೆ ಬಾಡಿಗೆಗೆ ಕೊಡುವವರು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವಂತೆ. ಸ್ಟಾಕ್ ಫೋಟೋಗ್ರಫಿ ಎಂಬ ಈ ಕಸುಬು ಹೆಚ್ಚುಕಡಿಮೆ ಹೀಗೆಯೇ ಬಹುಕಾಲ ನಡೆಯಿತು.

ಬೆಟ್‌ಮನ್ ಭಂಡಾರ ಮುಂದೆ ಕೈ ಬದಲಾಯಿಸಿತು. 1989ರಲ್ಲಿ ಬಿಲ್ ಗೇಟ್ಸ್ ಒಂದು ಕಂಪನಿ ಕಟ್ಟಿದ್ದರು. ಜನ ತಮ್ಮ ಮನೆಯ ಗೋಡೆಯ ಪರದೆಗಳಲ್ಲಿ ಬೇಕಾದ ಕಲಾಕೃತಿಯನ್ನು ತರಿಸಿಕೊಂಡು ನೋಡುವ ಕಾಲ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಕಾರ್ಬಿಸ್ ಎಂದು ಹೆಸರಾದ ಆ ಕಂಪನಿ 1995ರಲ್ಲಿ ಬೆಟ್‌ಮನ್ ಭಂಡಾರವನ್ನು ಕೊಂಡಿತು. ಐನ್‌ಸ್ಟೀನ್ ನಾಲಗೆ ಚಾಚಿದ ಚಿತ್ರ ಅದರಲ್ಲಿತ್ತು, ಬಸ್ಸಿನ ಕಿಟಕಿಯ ಪಕ್ಕ ಕುಳಿತ, ವರ್ಣಭೇದವನ್ನು ಎದುರಿಸಿದ ರೋಸಾ ಪಾರ್ಕ್ಸ್ ಇದ್ದರು. ಒಂದು ಕೋಟಿಗೂ ಮೀರಿದ ಆ ಚಿತ್ರಗಳ ಫಿಲ್ಮು ಹಳೆಯದಾಗಿ ಹುಳಿ ವಾಸನೆ ಬರತೊಡಗಿತ್ತು. ಆದ್ದರಿಂದ ಎಲ್ಲವನ್ನೂ ಪೆನ್ಸಿಲ್ವೇನಿಯಾದ ಒಂದು ಹಳೆಯ ಸುಣ್ಣಕಲ್ಲಿನ ಗಣಿಗೆ ಸಾಗಿಸಿದರು. ನೆಲದಿಂದ ಇನ್ನೂರು ಅಡಿಗೂ ಹೆಚ್ಚು ಆಳ, ಮಂಜುಗಡ್ಡೆಯ ಚಳಿ. 2016ರಲ್ಲಿ ಕಾರ್ಬಿಸ್ಸಿನ ಈ ಚಿತ್ರಗಳ ಒಡೆತನ ಚೀನಾದ ವಿಷುಯಲ್ ಚೈನಾ ಗ್ರೂಪಿಗೆ ಹೋಯಿತು, ಚೀನಾದ ಹೊರಗೆ ಹಂಚುವ ಕೆಲಸ ಗೆಟ್ಟಿ ಇಮೇಜಸ್ ಎಂಬ ಚಿತ್ರ ಏಜೆನ್ಸಿಗೆ ಬಂತು. ನಾಜಿಗಳಿಂದ ತಪ್ಪಿಸಿಕೊಂಡು ಬಂದ ಟ್ರಂಕು ಅಮೆರಿಕದ ಗಣಿಯಲ್ಲಿ ಮಲಗಿದೆ, ಅದರ ಹಕ್ಕುಪತ್ರ ಬೀಜಿಂಗಿನಲ್ಲಿದೆ.

ಈ ಕಥೆಯಲ್ಲಿ ಲೋಭವಿದೆ, ನಿಜ. ಕಾಳಜಿಯೂ ಇದೆ. ಬೆಲೆ ಇದ್ದಷ್ಟು ದಿನ ಚಿತ್ರಕ್ಕೊಂದು ಕಾರ್ಡಿತ್ತು. ಕಾರ್ಡಿನಲ್ಲಿ ಯಾರು, ಎಲ್ಲಿ, ಯಾವಾಗ ಎಂದಿರುತ್ತಿತ್ತು. ಬಾಡಿಗೆ ವಸೂಲು ಮಾಡಲಾದರೂ ಹೆಸರು ನೆನಪಿಡಬೇಕಿತ್ತು.

ಆ ನೆನಪು ಸಡಿಲಗೊಂಡದ್ದು ಕೆನಡಾದ ಕ್ಯಾಲ್ಗರಿಯಲ್ಲಿ, 2000ದ ಇಸವಿಯಲ್ಲಿ. ಬ್ರೂಸ್ ಲಿವಿಂಗ್‌ಸ್ಟನ್ ಎಂಬ ವಿನ್ಯಾಸಕಾರ ತನ್ನ ಚಿತ್ರಗಳನ್ನು ಜಾಲದಲ್ಲಿ ಪುಕ್ಕಟೆ ಹಾಕಿದ. ನೀವೂ ಹಾಕಿ, ಬೇಕಾದ್ದು ತೆಗೆದುಕೊಳ್ಳಿ ಎಂದ. ಪಕ್ಕದ ಮನೆಗೆ ಮೊಸರಿನ ಹೆಪ್ಪು ಕೊಟ್ಟು ಕರಿಬೇವು ತರುವಂಥ ಕೊಡುಕೊಳೆ. ಐಸ್ಟಾಕ್‌ಫೋಟೋ ಎಂದು ಅದರ ಹೆಸರು. ಜನ ಮುಗಿಬಿದ್ದು ಖರ್ಚು ಏರಿದಾಗ ಚಿಲ್ಲರೆ ಕಾಸು ಕೇಳತೊಡಗಿದರು. ಒಮ್ಮೆ ಕೊಟ್ಟರೆ ಮುಗಿಯಿತು, ಮತ್ತೆ ಬಾಡಿಗೆಯಿಲ್ಲ. ವಾಷಿಂಗ್ಟನ್ನಿನ ಆರೋಗ್ಯ ವಸ್ತುಸಂಗ್ರಹಾಲಯವೊಂದಕ್ಕೆ ರೋಗಿಗಳ ಚಿತ್ರ ಬೇಕಾಗಿತ್ತು. ಒಬ್ಬ ವೃತ್ತಿಪರ ಛಾಯಾಗ್ರಾಹಕ ರಿಯಾಯಿತಿ ಮಾಡಿ ಚಿತ್ರಕ್ಕೆ 100ರಿಂದ 150 ಡಾಲರ್ ಹೇಳಿದ್ದರು. ಅಷ್ಟರಲ್ಲಿ ಸಂಗ್ರಹಾಲಯದವರಿಗೆ ಐಸ್ಟಾಕ್ ಕಣ್ಣಿಗೆ ಬಿತ್ತು. ಅಲ್ಲಿ ಚಿತ್ರಕ್ಕೆ ಸುಮಾರು ಒಂದು ಡಾಲರ್. 2006ರಲ್ಲಿ ವೈರ್ಡ್ ಪತ್ರಿಕೆಯಲ್ಲಿ ಈ ಪ್ರಸಂಗದಿಂದಲೇ ಲೇಖನ ಆರಂಭಿಸಿದ ಜೆಫ್ ಹೋವ್, ಮಂದಿಯ ಬಿಡುವನ್ನು ದುಡಿಸಿಕೊಳ್ಳುವ ಈ ರೀತಿಗೆ ಕ್ರೌಡ್‌ಸೋರ್ಸಿಂಗ್ ಎಂದು ಹೆಸರಿಟ್ಟರು. ಅದೇ ವರ್ಷ ಗೆಟ್ಟಿ ಕಂಪನಿ ಐಸ್ಟಾಕನ್ನು 5 ಕೋಟಿ ಡಾಲರಿಗೆ ಕೊಂಡಿತು. ಹೆಪ್ಪು ಕೊಟ್ಟು ಕರಿಬೇವು ತಂದವರ ಸ್ನೇಹಕ್ಕೆ ಬಿದ್ದ ಬೆಲೆ ಅದು.

ಆಮೇಲಿನದು ಇಳಿಜಾರು. 2003ರಲ್ಲಿ ಶುರುವಾದ ಶಟರ್‌ಸ್ಟಾಕ್ ತಿಂಗಳ ಚಂದಾ ಪದ್ಧತಿ ತಂದಿತು. 2013ರಲ್ಲಿ ಬಂದ ಅನ್‌ಸ್ಪ್ಲ್ಯಾಶ್ ಪೂರ್ತಿ ಉಚಿತ ಎಂದಿತು, 2021ರಲ್ಲಿ ಅದೂ ಗೆಟ್ಟಿಯ ಮನೆ ಸೇರಿತು. ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುವ ಹಳೆಯ ಬಾಡಿಗೆ ಪದ್ಧತಿಯನ್ನು, ಸುದ್ದಿಯಲ್ಲದ ಸೃಜನಶೀಲ ಚಿತ್ರಗಳ ಮಟ್ಟಿಗೆ, 2020ರ ಹೊತ್ತಿಗೆ ಗೆಟ್ಟಿಯೇ ಕೈಬಿಟ್ಟಿತು. ಅದೇ ವರ್ಷ ಶಟರ್‌ಸ್ಟಾಕ್ ತನ್ನ ದರಪಟ್ಟಿ ಬದಲಿಸಿದಾಗ ಚಿತ್ರ ಕೊಟ್ಟವರ ಪಾಲು ಒಂದು ಡೌನ್‌ಲೋಡಿಗೆ 10 ಸೆಂಟಿನವರೆಗೂ ಇಳಿಯುವಂತಾಯಿತು. 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ಒಂದಾಗುವುದಾಗಿ ಪ್ರಕಟಿಸಿದವು. ಚಿತ್ರ ಅಗ್ಗವಾದಷ್ಟೂ ಅಂಗಡಿ ದೊಡ್ಡದಾಯಿತು.

ಇಲ್ಲಿ ನಿಂತು ಹಳೆಯದೆಲ್ಲ ಚಿನ್ನ ಎನ್ನಲು ನನಗೆ ಮನಸ್ಸಿಲ್ಲ. ನೂರೈವತ್ತು ಡಾಲರ್ ಕೊಟ್ಟು ಚಿತ್ರ ತರಿಸುವ ಶಕ್ತಿ ಯಾವ ಸಣ್ಣ ಕನ್ನಡ ಮಾಸಪತ್ರಿಕೆಗಿತ್ತು? ಯಾವ ಶಾಲೆಯ ಗೋಡೆಪತ್ರಿಕೆಗಿತ್ತು? ಹಳೆಯ ಏಜೆನ್ಸಿಗಳ ಬಾಗಿಲು ನಮ್ಮ ಸ್ಟುಡಿಯೋದವರಿಗೆ ತೆರೆಯುತ್ತಲೂ ಇರಲಿಲ್ಲ. ನ್ಯೂಯಾರ್ಕಿನ ಡ್ರಾಯರಿನಲ್ಲಿ ಕೆಸುವಿನ ಎಲೆಗೆ ಜಾಗವಿರಲಿಲ್ಲ. ಬೆಲೆ ಇಳಿದದ್ದರಿಂದ ಬಡವರ ಕೈಗೂ ಚಿತ್ರ ಬಂತು, ಸಣ್ಣ ಊರಿನವರೂ ಚಿತ್ರ ಕಳಿಸುವಂತಾಯಿತು. ಮನಸಾರೆ ಹಂಚುವವರೂ ಇದ್ದಾರೆ. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಯಲ್ಲಿ ಲಕ್ಷಾಂತರ ಮಂದಿ ತಮ್ಮ ಚಿತ್ರಗಳನ್ನು ಪುಕ್ಕಟೆ ಕೊಟ್ಟಿದ್ದಾರೆ, ನಮ್ಮ ವಿಕಿಪೀಡಿಯದ ಪುಟಗಳು ಬಣ್ಣವಾಗಿರುವುದು ಅವರಿಂದ. ಅದರಲ್ಲಿ ಬಹುಪಾಲು ಪರವಾನಗಿಗಳಿಗೆ ತಪ್ಪದೆ ಇರುವ ಷರತ್ತು ಒಂದೇ: ಹೆಸರು ಹೇಳಿ. ಹಣ ಬೇಡವೆಂದವರೂ ಹೆಸರು ಬೇಡವೆನ್ನಲಿಲ್ಲ. ಬೆಲೆ ಬೇರೆ, ಋಣ ಬೇರೆ ಎಂಬುದು ನನಗೆ ಹೊಳೆದದ್ದು ಇಲ್ಲಿಯೇ. ಬೆಲೆ ಇಪ್ಪತ್ತು ವರ್ಷದಲ್ಲಿ ನೂರರಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬಂತು. ಋಣಕ್ಕೆ ಮಾರುಕಟ್ಟೆಯಿಲ್ಲ, ಹಾಗಾಗಿ ಅದು ಇಳಿಯುವುದಿಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದವರು ಉಪ್ಪಿನ ದರ ವಿಚಾರಿಸಿರಲಿಲ್ಲ.

ಹೆಸರು ಏಕೆ ಇಷ್ಟು ಸುಲಭವಾಗಿ ಉದುರಿಹೋಗುತ್ತದೆ? ಈ ವ್ಯಾಪಾರದ ಗುಣವೇ ಹಾಗಿದೆ. ಎಲ್ಲೆಡೆಯೂ ಹೊಂದುವ ಚಿತ್ರವೇ ಹೆಚ್ಚು ಬಿಕರಿಯಾಗುತ್ತದೆ. ಹಾಗೆ ಹೊಂದಬೇಕಾದರೆ ಅದು ಯಾವ ಊರಿನದೂ ಆಗಿರಬಾರದು. ನಮ್ಮ ತಾಲ್ಲೂಕಿನ ನರ್ಸಿಂಗ್ ಹೋಮಿನ ಫ್ಲೆಕ್ಸ್ ನೋಡಿ. ಬಿಳಿಯ ಕೋಟು ತೊಟ್ಟು ನಗುವ ಕೆಂಗೂದಲಿನ ಡಾಕ್ಟರು ಆ ಕಟ್ಟಡದೊಳಗೆ ಎಂದೂ ಕಾಲಿಟ್ಟವರಲ್ಲ. ಟ್ಯೂಷನ್ ಸೆಂಟರಿನ ಬೋರ್ಡಿನಲ್ಲಿ ಕೈಯೆತ್ತಿ ಕುಣಿಯುವ ಮಕ್ಕಳು ನಮ್ಮ ಮಕ್ಕಳಲ್ಲ. ಹಂಗೇರಿಯ ಆಂಡ್ರಾಶ್ ಅರಾಟೊ ಎಂಬ ಎಂಜಿನಿಯರ್ ಒಬ್ಬ ಫೋಟೋಗ್ರಾಫರನ ಮಾತಿಗೆ ಒಪ್ಪಿ ಕ್ಯಾಮೆರಾದ ಮುಂದೆ ಕುಳಿತರು. ಆಮೇಲೊಂದು ದಿನ ಹುಡುಕಿ ನೋಡಿದರೆ ಅವರ ಮುಖ ಆಸ್ಪತ್ರೆಯೊಂದರ ಪುಟದಲ್ಲಿ ಡಾಕ್ಟರಾಗಿತ್ತು. ಇನ್ನು ಸ್ವಲ್ಪ ದಿನಕ್ಕೆ ಜಗತ್ತೇ ಆ ನಗೆಯ ಹಿಂದೆ ನೋವಿದೆ ಎಂದು ಗೇಲಿ ಮಾಡತೊಡಗಿತು, ನೋವು ನುಂಗುವ ಹೆರಾಲ್ಡ್ ಎಂದು ಹೆಸರಿಟ್ಟಿತು. ಒಪ್ಪಿಗೆ ಕೊಟ್ಟೇ ಕುಳಿತವರು ಅವರು. ಆದರೆ ಕೊಟ್ಟ ಮುಖ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಯಾವ ಒಪ್ಪಿಗೆ ಪತ್ರದಲ್ಲೂ ಬರೆದಿರುವುದಿಲ್ಲ. ಅರಾಟೊ ಕೊನೆಗೆ ತನ್ನ ಮುಖವನ್ನು ನಕ್ಕೇ ಮರಳಿ ಪಡೆದರು, ದೇಶ ದೇಶ ಸುತ್ತಿ ತನ್ನ ಕಥೆ ತಾನೇ ಹೇಳಿದರು. ಎಲ್ಲರಿಗೂ ಆ ಭಾಗ್ಯವಿಲ್ಲ.

ಯಾವ ಊರಿನದೂ ಅಲ್ಲದ ಚಿತ್ರ ಎಂಬುದೇ ಒಂದು ಭ್ರಮೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮ್ಮೂರ ಸೈಬರ್ ಸೆಂಟರಿನ ಪ್ರತಿ ಪರದೆಯ ಮೇಲೂ ಒಂದು ಹಸಿರು ಗುಡ್ಡ, ನೀಲಿ ಆಕಾಶ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಬರೆದದ್ದು ಎಂದೇ ನಾವೆಲ್ಲ ತಿಳಿದಿದ್ದೆವು. ಅದು ಕ್ಯಾಲಿಫೋರ್ನಿಯಾದ ಸೊನೋಮಾ ಸೀಮೆಯ ನಿಜವಾದ ಗುಡ್ಡ. ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ 1996ರ ಜನವರಿಯಲ್ಲಿ ಗೆಳತಿಯನ್ನು ಕಾಣಲು ಹೋಗುತ್ತ, ಮಳೆ ನಿಂತು ಬೆಳಕು ಬಿದ್ದದ್ದನ್ನು ಕಂಡು, ಕಾರು ನಿಲ್ಲಿಸಿ ಫಿಲ್ಮಿನಲ್ಲಿ ತೆಗೆದದ್ದು. ಅಲ್ಲಿ ಮಾಮೂಲಾಗಿ ದ್ರಾಕ್ಷಿ ತೋಟವಿರುತ್ತಿತ್ತು. ಬೇರಿಗೆ ಕೀಟ ಬಿದ್ದು ಬಳ್ಳಿಗಳನ್ನು ಕಿತ್ತಿದ್ದರಿಂದ ಆ ವರ್ಷ ಬರಿ ಹುಲ್ಲು ಬೆಳೆದಿತ್ತು. ಯಾರೋ ರೈತನ ನಷ್ಟ, ಒಂದು ಮಳೆ, ಒಬ್ಬ ಪ್ರೇಮಿಯ ದಾರಿ, ಮೂರೂ ಕೂಡಿ ಬಂದ ಗಳಿಗೆಯಲ್ಲಿ ಆದ ಚಿತ್ರ ಅದು. ಸ್ಟಾಕ್ ಏಜೆನ್ಸಿಯಲ್ಲಿದ್ದ ಅದನ್ನು 2000ದಲ್ಲಿ ಮೈಕ್ರೋಸಾಫ್ಟ್ ಪೂರ್ತಿ ಹಕ್ಕಿನೊಂದಿಗೆ ಕೊಂಡಿತು. ಎಷ್ಟೇ ಸಾಮಾನ್ಯವಾಗಿ ಕಂಡರೂ ಪ್ರತಿ ಫೋಟೋದ ಹಿಂದೆ ಒಂದು ಜಾಗ, ಒಂದು ಗಳಿಗೆ, ನಿಂತ ಒಬ್ಬ ಮನುಷ್ಯ ಇರುತ್ತಾನೆ. ನಾವು ಕ್ರಾಪ್ ಮಾಡುವುದು ಅವನನ್ನು.

ಕ್ಯಾಮೆರಾದ ಎದುರು ನಿಂತವರ ಕಥೆ ಇನ್ನೂ ಕಷ್ಟದ್ದು. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ, ಬಟಾಣಿ ಬಿಡಿಸಲು ಬಂದ ಕೂಲಿಗಳ ಬಿಡಾರದಲ್ಲಿ, ಛಾಯಾಗ್ರಾಹಕಿ ಡೊರೋಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಎರಡೂ ಭುಜಕ್ಕೆ ಮಕ್ಕಳು ಮುಖ ಮರೆಸಿಕೊಂಡಿವೆ, ತಾಯಿಯ ಬೆರಳು ಗಲ್ಲದ ಮೇಲೆ, ಕಣ್ಣು ಎಲ್ಲೋ ದೂರ. ವಲಸೆಯ ತಾಯಿ ಎಂದು ಅದು ಲೋಕಪ್ರಸಿದ್ಧವಾಯಿತು. ಸರ್ಕಾರಿ ಕೆಲಸದಲ್ಲಿ ತೆಗೆದದ್ದರಿಂದ ಚಿತ್ರ ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಅಚ್ಚು ಹಾಕಬಹುದು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಆ ಮುಖ ಎಷ್ಟೋ ಪುಸ್ತಕಗಳ ಪುಟವಾಗಿತ್ತು. ಆಕೆ ಆ ಚಿತ್ರವನ್ನು ತೆಗೆಯದಿದ್ದರೇ ಚೆನ್ನಾಗಿತ್ತು ಎಂದರು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂದರು. ಲ್ಯಾಂಗ್ ಕೂಡ ಆ ಚಿತ್ರದಿಂದ ರಾಯಲ್ಟಿ ಉಂಡವರಲ್ಲ, ಅದು ಬಡವರ ಕಡೆಗೆ ಸರ್ಕಾರದ ಕಣ್ಣು ತೆರೆಸಿದ ಚಿತ್ರ. ಅಪರಾಧಿ ಯಾರೂ ಇಲ್ಲ. ಆದರೂ ಬಾಕಿ ಉಳಿದಿದೆ.

ಹೀಗೆ ಯಾರ ಸ್ವತ್ತೂ ಅಲ್ಲದ ಚಿತ್ರಗಳನ್ನು ವ್ಯಾಪಾರ ಹೇಗೆ ನೋಡುತ್ತದೆ ಎಂಬುದಕ್ಕೆ ಕ್ಯಾರಲ್ ಹೈಸ್ಮಿತ್ ಸಾಕ್ಷಿ. ಅಮೆರಿಕದ ಊರು ಕೇರಿಗಳನ್ನು ಸುತ್ತಿ ತೆಗೆದ ಸಾವಿರಾರು ಚಿತ್ರಗಳನ್ನು ಅವರು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ, ಜನ ಉಚಿತವಾಗಿ ಬಳಸಲೆಂದು ಕೊಟ್ಟಿದ್ದರು. 2015ರ ಕೊನೆಯಲ್ಲಿ ಅವರ ಸಂಸ್ಥೆಗೆ ಒಂದು ವಸೂಲಿ ಪತ್ರ ಬಂತು. ನಿಮ್ಮ ಜಾಲತಾಣದಲ್ಲಿ ಪರವಾನಗಿಯಿಲ್ಲದೆ ಇಂಥ ಚಿತ್ರ ಬಳಸಿದ್ದೀರಿ, 120 ಡಾಲರ್ ಕಟ್ಟಿ ಎಂದು. ಆ ಚಿತ್ರ ಹೈಸ್ಮಿತ್ ಅವರೇ ತೆಗೆದದ್ದು! ದಾನ ಕೊಟ್ಟ ಹಸುವಿನ ಹಾಲಿಗೆ ದಾನಿಯಿಂದಲೇ ಕಾಸು ಕೇಳಿದಂತಾಯಿತು. ಅವರು ಗೆಟ್ಟಿ ಮತ್ತಿತರರ ಮೇಲೆ 100 ಕೋಟಿ ಡಾಲರಿನ ದಾವೆ ಹೂಡಿದರು. ನ್ಯಾಯಾಲಯ 2016ರಲ್ಲೇ ಕೃತಿಸ್ವಾಮ್ಯದ ವಾದಗಳನ್ನು ತಳ್ಳಿಹಾಕಿತು. ಎಲ್ಲರಿಗೂ ಸೇರಿದ್ದನ್ನು ಯಾರಾದರೂ ಮಾರಿದರೆ ಕಾನೂನು ತಡೆಯುವುದಿಲ್ಲ. ಕೆರೆಯ ನೀರನ್ನು ಬಾಟಲಿಗೆ ತುಂಬಿ ಕೆರೆ ಕಟ್ಟಿಸಿದವರಿಗೇ ಮಾರುವುದು ಕಾನೂನಿಗೆ ತಪ್ಪಲ್ಲ. ಅದು ತಪ್ಪೇ ಅಲ್ಲವೇ ಎಂದು ಕೇಳಿದರೆ ನಮ್ಮ ಊರಿನ ಯಾವ ಅಜ್ಜಿಯಾದರೂ ಉತ್ತರ ಹೇಳಬಲ್ಲಳು.

ಈಗ ಚಿತ್ರವೂ ಬೇಡವಾಗುತ್ತಿದೆ. ಕೆಸುವಿನ ಎಲೆ, ಹುಡುಗಿ, ಮಳೆ ಎಂದು ಬರೆದರೆ ಕೃತಕ ಬುದ್ಧಿಮತ್ತೆ ಅರೆ ನಿಮಿಷದಲ್ಲಿ ನಾಲ್ಕು ಚಿತ್ರ ಕೊಡುತ್ತದೆ. ಆ ಹುಡುಗಿ ಯಾರೂ ಅಲ್ಲ, ಆ ಮಳೆ ಎಲ್ಲೂ ಬಿದ್ದಿಲ್ಲ. ಹಾಗಾದರೆ ಋಣವೂ ಇಲ್ಲ ಎಂದು ಮನಸ್ಸು ಹೇಳುತ್ತದೆ. ಆದರೆ ಯಂತ್ರ ಮಳೆಯನ್ನು ಕಲಿತದ್ದು ಎಲ್ಲಿಂದ? ಮಳೆಯಲ್ಲಿ ನೆನೆದವರು ತೆಗೆದ ಕೋಟಿ ಕೋಟಿ ಚಿತ್ರಗಳಿಂದ. ತನ್ನ 1 ಕೋಟಿ 20 ಲಕ್ಷ ಚಿತ್ರಗಳನ್ನು ಕೇಳದೆ ಬಳಸಿದರು ಎಂದು ಗೆಟ್ಟಿ ಕಂಪನಿ 2023ರಲ್ಲಿ ಇಂಥ ಯಂತ್ರ ಕಟ್ಟಿದ ಸ್ಟೆಬಿಲಿಟಿ ಎಐ ಮೇಲೆ ಅಮೆರಿಕದಲ್ಲಿ ದಾವೆ ಹಾಕಿತು, ಲಂಡನ್ನಿನಲ್ಲೂ ಹಾಕಿತು. ಯಂತ್ರ ಹೊಸದಾಗಿ ಬರೆದ ಕೆಲವು ಚಿತ್ರಗಳಲ್ಲಿ ಸೊಟ್ಟಂಬಟ್ಟ ಅಕ್ಷರದಲ್ಲಿ ಗೆಟ್ಟಿಯ ವಾಟರ್‌ಮಾರ್ಕೇ ಮೂಡಿತ್ತು.

ಇದನ್ನು ಓದಿದಾಗ ನನಗೆ ನಮ್ಮ ಅಡುಗೆಮನೆ ನೆನಪಾಯಿತು. ಅಮ್ಮ ಹೊಸ ಪಾತ್ರೆ ಕೊಂಡಾಗಲೆಲ್ಲ ಅಂಗಡಿಯಲ್ಲೇ ಕುಳಿತು ಕಂಠದ ಮೇಲೆ ಹೆಸರು ಕೊರೆಸುತ್ತಿದ್ದಳು. ಮದುವೆ ಮನೆಗೆ ಹೋದ ಕೊಳದಪ್ಪಲೆ ವರ್ಷ ಕಳೆದು ಎಲ್ಲಿ ಸಿಕ್ಕಿದರೂ ತಿರುಗಿಸಿ ನೋಡಿದರೆ ಚುಕ್ಕೆ ಚುಕ್ಕೆಯ ಅಕ್ಷರ ಮನೆಯ ದಾರಿ ಹೇಳುತ್ತಿತ್ತು. ಯಂತ್ರ ಪಾತ್ರೆಗಳನ್ನೆಲ್ಲ ಕರಗಿಸಿ ಹೊಸ ಪಾತ್ರೆ ಎರಕ ಹೊಯ್ದಿತ್ತು, ಕೊರೆದ ಹೆಸರು ಮಾತ್ರ ಕರಗದೆ ಮೇಲೆ ತೇಲಿತ್ತು. ಲಂಡನ್ನಿನ ಹೈಕೋರ್ಟು 2025ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ತರಬೇತಿ ಬ್ರಿಟನ್ನಿನ ಒಳಗೆ ನಡೆಯಿತೆಂದು ತೋರಿಸಲಾಗದೆ ಆ ಮುಖ್ಯ ವಾದವನ್ನು ಗೆಟ್ಟಿ ನಡುವೆಯೇ ಕೈಬಿಟ್ಟಿತ್ತು. ಯಂತ್ರದ ಒಡಲಲ್ಲಿ ಚಿತ್ರಗಳ ಪ್ರತಿ ಉಳಿದಿಲ್ಲ, ಹಾಗಾಗಿ ಅದನ್ನು ಕದ್ದ ಪ್ರತಿ ಎನ್ನಲಾಗದು ಎಂದರು ನ್ಯಾಯಾಧೀಶರು. ವಾಟರ್‌ಮಾರ್ಕ್ ಮೂಡಿದ ವಿಷಯದಲ್ಲಿ ಮಾತ್ರ, ಅದೂ ಕೆಲವೇ ಸಂದರ್ಭಗಳಲ್ಲಿ, ಟ್ರೇಡ್‌ಮಾರ್ಕ್ ಉಲ್ಲಂಘನೆ ಎಂದರು. ಗಮನಿಸಿ: ಯಂತ್ರಕ್ಕೆ ನೆನಪುಳಿದದ್ದು ಅಂಗಡಿಯ ಹೆಸರು. ಲಕ್ಷಾಂತರ ಚಿತ್ರಗಳ ಮೇಲೆ ಒಂದೇ ಹೆಸರಿದ್ದದ್ದರಿಂದ ಅದು ಬಾಯಿಪಾಠವಾಯಿತು. ಚಿತ್ರ ತೆಗೆದವರ ಹೆಸರುಗಳು ಒಂದೊಂದೂ ಬೇರೆ, ಆದ್ದರಿಂದ ಒಂದೂ ನಿಲ್ಲಲಿಲ್ಲ. ಮರೆವಿನಲ್ಲೂ ದೊಡ್ಡವರಿಗೆ ರಿಯಾಯಿತಿ ಇದೆ.

ಯಂತ್ರಕ್ಕೆ ಕಲಿಸಲು ತಮ್ಮ ಭಂಡಾರವನ್ನು ಒಪ್ಪಂದ ಮಾಡಿಕೊಂಡು ಕೊಟ್ಟ ಏಜೆನ್ಸಿಗಳೂ ಇವೆ. ಶಟರ್‌ಸ್ಟಾಕ್ ಓಪನ್‌ಎಐ ಜೊತೆ ಹಾಗೆ ಮಾಡಿಕೊಂಡಿತು, ಚಿತ್ರ ಕೊಟ್ಟವರಿಗೆ ಪಾಲು ಹಂಚಲು ಒಂದು ನಿಧಿಯನ್ನೂ ಇಟ್ಟಿತು. ಕೇಳದೆ ತೆಗೆದುಕೊಳ್ಳುವುದಕ್ಕಿಂತ ಅದು ಮೇಲು, ಅನುಮಾನವಿಲ್ಲ. ಆದರೆ ಆ ಪಾಲಿನ ಜೊತೆ ಹೆಸರು ಹೋಗುವುದಿಲ್ಲ. ಅಕ್ಕಿ ರಾಶಿಗೆ ಸುರಿದ ಮೇಲೆ ಯಾರ ಗದ್ದೆಯ ಕಾಳು ಯಾವುದು?

ನಮ್ಮ ಕಾನೂನು ಏನು ಹೇಳುತ್ತದೆ ಎಂದೂ ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೋ ತೆಗೆದವನೇ ಅದರ ಕರ್ತೃ. ಅವನು ಬದುಕಿರುವವರೆಗೂ, ತೀರಿಕೊಂಡ ಮೇಲೆ 60 ವರ್ಷವೂ ಹಕ್ಕು ಉಳಿಯುತ್ತದೆ. 57ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಕ್ಕನ್ನು ಪೂರ್ತಿ ಮಾರಿಕೊಂಡ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಕರ್ತೃವಿನಲ್ಲೇ ಉಳಿಯುತ್ತದೆ. ಹೊಲ ಮಾರಬಹುದು, ಹೆತ್ತದ್ದನ್ನು ಮಾರಲಾಗದು ಎಂಬ ತಿಳಿವು ಅದು. ಇದೇನೂ ಪರದೇಶದ ಸರಕಲ್ಲ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದ ಗೋಡೆಯಲ್ಲಿ ಮಲ್ಲಿತಮ್ಮನ ಹೆಸರನ್ನು ಮತ್ತೆ ಮತ್ತೆ ಓದಬಹುದು. ಕಟ್ಟಿಸಿದವನು ದೊರೆಯೋ ದಂಡನಾಯಕನೋ ಆಗಿದ್ದರೂ ಉಳಿ ಹಿಡಿದವನ ಹೆಸರಿಗೆ ಕಲ್ಲಿನಲ್ಲಿ ನಾಲ್ಕು ಬೆರಳು ಜಾಗ ಸಿಕ್ಕಿತು. ಏಳುನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಯಾರೂ ಅದನ್ನು ಕ್ರಾಪ್ ಮಾಡಿಲ್ಲ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಲೈಫ್ ಪತ್ರಿಕೆಗೂ ಯುನಿಸೆಫ್‌ಗೂ ಚಿತ್ರ ತೆಗೆದವರು. ಪತ್ರಿಕೆಯಲ್ಲಿ ಮಗುವೊಂದರ ಚಿತ್ರ ಕಂಡರೆ ಕೆಳಗೆ ಅವರ ಹೆಸರಿದೆಯೇ ಎಂದು ಹುಡುಕುತ್ತಿದ್ದ ಓದುಗರಲ್ಲಿ ನಾನೂ ಒಬ್ಬ. ಆ ಹೆಸರು ಹುಡುಕುವ ಕಣ್ಣು ನನಗೆ ಯಾವಾಗ ಮಂಜಾಯಿತೋ ತಿಳಿಯಲಿಲ್ಲ.

ವಾರದ ಮೇಲೆ ಸ್ಟುಡಿಯೋಗೆ ಹೋದೆ. ತಪ್ಪಾಯಿತು ಎಂದೆ. ಮತ್ತೊಂದು ಮಾತನ್ನೂ ಕೇಳಿದೆ: “ಆ ಹುಡುಗಿ ಯಾರು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೊಳೆಯಾಚೆ ಊರಿನವಳು. ಈಗ ಇಲ್ಲೇ ಪೇಟೆಗೆ ಮದುವೆಯಾಗಿ ಬಂದಿದ್ದಾಳೆ. ನಿಮಗೆ ಹೆಸರು ಹಾಕಿಲ್ಲ ಅಂದೆ ಮೇಷ್ಟ್ರೇ, ನಾನೂ ಅವತ್ತು ಅವಳನ್ನ ಕೇಳಿರಲಿಲ್ಲ. ಒಂದು ಕಾಪಿನೂ ಕೊಟ್ಟಿಲ್ಲ.”

ಅವತ್ತೇ ಒಂದು ದೊಡ್ಡ ಪ್ರಿಂಟು ತೆಗೆಸಿದೆವು. ದುಡ್ಡು ನಾನು ಕೊಟ್ಟೆ, ಅವರು ಅರ್ಧ ಮಾತ್ರ ತೆಗೆದುಕೊಂಡರು. ಸಂಜೆ ಇಬ್ಬರೂ ಹುಡುಕಿಕೊಂಡು ಹೋದೆವು. ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಿತ್ರ ಹಿಡಿದರು. ಹತ್ತು ವರ್ಷದಲ್ಲಿ ಸಾವಿರಾರು ಜನ ನೋಡಿದ್ದ ಆ ಚಿತ್ರವನ್ನು ಅದರೊಳಗಿನವರು ನೋಡುತ್ತಿದ್ದದ್ದು ಮೊದಲ ಸಲ. ಎಲೆಯ ಮೇಲೆ ಬೆರಳಾಡಿಸಿದರು. ಕೊಡೆ ಅಣ್ಣನ ಹತ್ತಿರ ಇತ್ತು, ಅದಕ್ಕೇ ಎಲೆ ಎಂದು ಮೆಲ್ಲಗೆ ಹೇಳಿದರು. ಆಮೇಲೆ ಸ್ಟುಡಿಯೋದವರ ಕಡೆ ತಿರುಗಿ ಕೇಳಿದರು: “ಎಷ್ಟಾಯ್ತಣ್ಣಾ ಇದಕ್ಕೆ?”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ಮರಣ ಸಂಚಿಕೆಗಳಿಗೆ ಎರಡನೆಯ ಮುದ್ರಣವಿರುವುದಿಲ್ಲ. ಶಾಲೆಯ ಬೀರುವಿನಲ್ಲಿ ಉಳಿದಿದ್ದ ನಲವತ್ತು ಪ್ರತಿಗಳಿಗೆ ನಾನೇ ಕುಳಿತು ಚೀಟಿ ಅಂಟಿಸಿದೆ. ಚೀಟಿಯಲ್ಲಿ ಎರಡು ಹೆಸರುಗಳಿವೆ, ತೆಗೆದವರದು ಮತ್ತು ಆಕೆಯದು, ಇಬ್ಬರನ್ನೂ ಕೇಳಿ ಹಾಕಿದ್ದು. ಇಲ್ಲಿ ಬರೆಯಲು ಕೇಳಿಲ್ಲ, ಆದ್ದರಿಂದ ಬರೆದಿಲ್ಲ. ಹಂಚಿಹೋಗಿರುವ ನಾನೂರ ಅರವತ್ತು ಪ್ರತಿಗಳಲ್ಲಿ ಕೃಪೆ ಈಗಲೂ ಅಂತರ್ಜಾಲದ್ದೇ. ನೀವು ಮದುವೆಯ ಕರೆಯೋಲೆಗೋ ಜಾತ್ರೆಯ ಫ್ಲೆಕ್ಸಿಗೋ ಒಂದು ಚಿತ್ರ ತೆಗೆಯುವ ಮೊದಲು ಮೂಲೆಯ ಅಕ್ಷರವನ್ನು ಒಮ್ಮೆ ಓದಿ. ಹೆಸರು ಸಿಕ್ಕರೆ ಕೇಳಿ, ಹಾಕಿ. ಹುಡುಕಿಯೂ ಸಿಗದಿದ್ದರೆ, ತೆಗೆದವರ ಹೆಸರು ತಿಳಿಯಲಿಲ್ಲ ಎಂದೇ ಬರೆಯಿರಿ. ಅಷ್ಟು ಬರೆದರೂ ಅಲ್ಲೊಬ್ಬರು ಇದ್ದರು ಎಂದು ಒಪ್ಪಿಕೊಂಡಂತಾಗುತ್ತದೆ.